ಬೀದರಿನಲ್ಲಿ ಒಂದು ರಾತ್ರಿ ತಂಗಬೇಕಾದವರಿಗೆ

ಊರು ನೋಡಲೆಂದೇ ಹೊರಟವರಿಗೆ ದಾರಿ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನಿಲ್ಲಿ ಹೇಳಹೊರಟಿರುವುದು ಅಂಥವರಿಗಲ್ಲ. ಊರು ನೋಡುವ ಇಚ್ಛೆ ಎಳ್ಳಷ್ಟೂ ಇಲ್ಲದೆ, ಮುಂದಿನ ಬಸ್ಸು ಬೆಳಗಿಗೆ ಎಂಬ ಒಂದೇ ಕಾರಣದಿಂದ ಒಂದು ರಾತ್ರಿಯನ್ನು ಅಲ್ಲಿ ಹೇಗೋ ನೂಕಬೇಕಾದವರಿಗೆ. ಭಾಲ್ಕಿಗೋ ಔರಾದಿಗೋ ಹೋಗಬೇಕಾಗಿದ್ದು, ಸಂಜೆ ಹೊತ್ತು ಮೀರಿ ಬೀದರಿನಲ್ಲಿ ಇಳಿದಿರುತ್ತೀರಿ. ಅಥವಾ ನೀವು ಔರಾದಿನವರೇ. ಜಿಲ್ಲಾ ಕಚೇರಿಯ ಕಾಗದವೋ, ಕೋರ್ಟಿನ ತಾರೀಖೋ, ಆಸ್ಪತ್ರೆಯೋ ನಿಮ್ಮನ್ನು ಸಂಜೆಯ ತನಕ ಹಿಡಿದಿಟ್ಟು ಕೊನೆಯ ಬಸ್ಸನ್ನು ತಪ್ಪಿಸಿದೆ. ಬೆಂಗಳೂರಿನವರ ಕಣ್ಣಿಗೆ ಬೀದರು ದೊಡ್ಡ ಊರೆನಿಸದಿರಬಹುದು. ಔರಾದಿನಿಂದ ಬಂದವರಿಗೆ ಅದು ದೊಡ್ಡ ಊರೇ. ಐದೂವರೆ ಶತಮಾನಗಳ ಹಿಂದೆ ಅದು ಲೋಕಕ್ಕೆಲ್ಲ ದೊಡ್ಡ ಊರಾಗಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ನನ್ನ ಕಥೆ. ನಾನು ಹಳೆಯ ಮೈಸೂರಿನ ಕಡೆಯವನು, ವೃತ್ತಿಯಿಂದ ಪಶುವೈದ್ಯ. ಮೂವತ್ತಾರು ವರ್ಷಗಳ ಹಿಂದೆ ಔರಾದ ತಾಲ್ಲೂಕಿಗೆ ವರ್ಗವಾಯಿತು. ನೌಕರಿಯಲ್ಲಿರುವವರ ಮನೆಗಳಲ್ಲಿ ಬೀದರಿಗೆ ವರ್ಗವೆಂದರೆ ಏನರ್ಥವೆಂದು ನಿಮಗೆ ತಿಳಿದೇ ಇದೆ. ಯಾರದೋ ಕೋಪಕ್ಕೆ ಗುರಿಯಾದ ಎಂದರ್ಥ. ನಮ್ಮ ಮನೆಯಲ್ಲಿ ಸೂತಕದ ಮೌನವೇ ಕವಿಯಿತು. ಆ ಕಾಲಕ್ಕೆ ಕಲಬುರಗಿಯಿಂದ ಬೀದರಿಗೆ ರೈಲಿರಲಿಲ್ಲ. ಆ ಮಾರ್ಗ ತೆರೆದುದು 2017ರ ಅಕ್ಟೋಬರಿನಲ್ಲಿ. ಹುಮನಾಬಾದಿನ ಮೇಲೆ ಬಸ್ಸಿನಲ್ಲಿ ಕುಲುಕಿಕೊಂಡು ಬಂದು ಇಳಿದಾಗ ದೀಪ ಹಚ್ಚುವ ಹೊತ್ತು. ನಿಲ್ದಾಣದ ಬಳಿಯ ಒಂದು ವಸತಿಗೃಹದಲ್ಲಿ ಕೋಣೆ ಹಿಡಿದೆ. ಹಾಸಿಗೆಯಲ್ಲಿ ತಿಗಣೆ, ಕಿಟಕಿಗೆ ಚಿಲಕವಿಲ್ಲ. ಬಾಗಿಲು ಹಾಕಿಕೊಂಡು ಕುಳಿತವನು ಮಾಡಿದ ಕೆಲಸ ಒಂದೇ. ವರ್ಗ ರದ್ದು ಮಾಡಬೇಕೆಂದು ಮೇಲಧಿಕಾರಿಗಳಿಗೆ ಮೂರು ಪುಟದ ಅರ್ಜಿ ಬರೆದೆ. ಬೆಳಿಗ್ಗೆ ಅದನ್ನು ಅಂಚೆಗೆ ಹಾಕಿಯೇ ಬಸ್ಸು ಹತ್ತಿದುದು.

ಇಂಥ ಅರ್ಜಿಗಳನ್ನು ಬೀದರಿನ ಕೋಣೆಗಳಲ್ಲಿ ಎಷ್ಟು ಮಂದಿ ಬರೆದಿರಬಹುದು! ಮೇಷ್ಟರು, ದಾದಿಯರು, ಇಂಜಿನಿಯರು, ನನ್ನಂಥ ದನದ ಡಾಕ್ಟರು. ಒಂದೊಂದು ಅರ್ಜಿಯ ಹಿಂದೆಯೂ ಖಾಲಿ ಕುರ್ಚಿಯೊಂದು ಇರುತ್ತದೆ, ಆ ಕುರ್ಚಿಯ ಮುಂದೆ ಕಾಯುತ್ತ ನಿಂತ ಜನ ಇರುತ್ತಾರೆ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಈ ಭಾಗದ ನೌಕರಿಗಳಲ್ಲಿ ಇಲ್ಲಿಯವರಿಗೇ ಹೆಚ್ಚಿನ ಪಾಲು ದೊರೆಯುತ್ತಿದೆ. ಆದರೂ ಹೊರಗಿನಿಂದ ಬರುವವರು ಬರುತ್ತಲೇ ಇದ್ದಾರೆ. ಅವರು ನಿಲ್ಲುವರೋ ಓಡುವರೋ ಎಂಬುದು ಬಹುಮಟ್ಟಿಗೆ ಬೀದರಿನ ಆ ಮೊದಲ ರಾತ್ರಿಯಲ್ಲೇ ತೀರ್ಮಾನವಾಗುತ್ತದೆ ಎಂದು ನಾನು ನಂಬಿದ್ದೇನೆ. ಆದ್ದರಿಂದ ಆ ರಾತ್ರಿಯನ್ನು ಹೇಗೆ ಕಳೆಯಬೇಕೆಂಬುದು ಅಷ್ಟು ಹಗುರವಾದ ಮಾತಲ್ಲ.

ಇಳಿದೊಡನೆ ಮಾಡಬೇಕಾದ ಕೆಲಸ, ಬೆಳಗಿನ ಬಸ್ಸನ್ನು ವಿಚಾರಿಸುವುದು. ಚಹ ಕುಡಿಯುವುದು ಆಮೇಲೆ. ವಿಚಾರಣೆಯ ಕಿಂಡಿಯಲ್ಲಿ ಕೇಳಿ; ಪಕ್ಕದಲ್ಲಿ ನಿಂತ ಪ್ರಯಾಣಿಕನನ್ನು ಕೇಳಬೇಡಿ, ಆತ ನಿಮ್ಮನ್ನು ನಿರಾಶೆಗೊಳಿಸಬಾರದೆಂಬ ಸೌಜನ್ಯದಿಂದಲೇ ಏನಾದರೊಂದು ಹೊತ್ತು ಹೇಳಿಬಿಡುತ್ತಾನೆ. ಭಾಲ್ಕಿಗೆ ಹೋಗುವವರಿಗೆ ಬಸ್ಸಲ್ಲದೆ ರೈಲೂ ಉಂಟು. ವಿಕಾರಾಬಾದಿನಿಂದ ಬೀದರಿಗೆ ಬಂದ ಹಳಿ ಭಾಲ್ಕಿ, ಕಮಲನಗರಗಳ ಮೇಲೆ ಹಾದು ಉದಗೀರ, ಲಾತೂರು ರೋಡಿನ ಕಡೆಗೆ ಹೋಗುತ್ತದೆ. ಔರಾದಿಗೆ ರೈಲಿಲ್ಲ. ಎರಡು ಊರುಗಳೂ ಬೀದರಿನಿಂದ ಸುಮಾರು ನಲವತ್ತು ಕಿಲೋಮೀಟರು. ಭಾಲ್ಕಿ ವಾಯವ್ಯಕ್ಕೆ, ಔರಾದ ಉತ್ತರಕ್ಕೆ.

ಔರಾದಿಗೆ ಹೋಗುವವರು ಇನ್ನೂ ಒಂದು ಎಚ್ಚರ ವಹಿಸಬೇಕು. ಆ ಹೆಸರಿನ ಊರು ಒಂದೇ ಅಲ್ಲ. ನಮ್ಮ ತಾಲ್ಲೂಕು ಕೇಂದ್ರ ಔರಾದ ಬಾರಹಳ್ಳಿ. ಕಾಗದಪತ್ರಗಳಲ್ಲಿ ಹೆಸರಿನ ಮುಂದೆ ಆವರಣದಲ್ಲಿ ಒಂದಕ್ಷರ ಸೇರಿಸಿ ಬರೆಯುವುದು ಈ ಕಾರಣದಿಂದ. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ನಿಲಂಗಾ ತಾಲ್ಲೂಕಿನಲ್ಲಿ ಔರಾದ ಶಹಾಜನಿ ಎಂಬ ಇನ್ನೊಂದು ಊರಿದೆ. ಅದೂ ದೂರದ್ದೇನಲ್ಲ. ನನ್ನ ಮೊದಲ ಬೆಳಿಗ್ಗೆ ನಾನು ಆ ದಿಕ್ಕಿನ ಬಸ್ಸನ್ನೇ ಹತ್ತಿ, ಟ್ರಂಕನ್ನು ಸೀಟಿನ ಕೆಳಗೆ ನೂಕಿ, ನಿಶ್ಚಿಂತೆಯಿಂದ ಕುಳಿತಿದ್ದೆ. ಕಂಡಕ್ಟರು ಬಂದು, "ಯಾವ ಔರಾದ್ರೀ ಸರ, ಬಾರಹಳ್ಳಿಯೋ ಶಹಾಜನಿಯೋ?" ಎಂದು ಕೇಳದಿದ್ದರೆ ಸರ್ಕಾರಿ ಕೆಲಸಕ್ಕೆ ಹಾಜರಾಗಲು ಬೇರೊಂದು ರಾಜ್ಯಕ್ಕೆ ಹೋಗಿರುತ್ತಿದ್ದೆ.

ಇನ್ನು ತಂಗುವುದು. ನಿಲ್ದಾಣದ ಸುತ್ತ ವಸತಿಗೃಹಗಳಿವೆ. ಹಣ ಕೊಡುವ ಮುಂಚೆ ಕೋಣೆಯನ್ನು ನೋಡಿ, ಹಾಸಿಗೆಯ ಮೂಲೆಯನ್ನು ಮಗುಚಿ ನೋಡಿ, ಕಿಟಕಿಯ ಚಿಲಕ ಹಾಕಿ ನೋಡಿ. ಇದು ನಾನು ಬೆಲೆ ತೆತ್ತು ಕಲಿತ ಪಾಠ. ರಸ್ತೆಯ ಕಡೆಗಿನ ಕೋಣೆ ಬೇಡವೆನ್ನಿ.

ಹೆಂಗಸರು ಮಕ್ಕಳೊಡನೆ ಬಂದವರಿಗೆ, ವಯಸ್ಸಾದವರನ್ನು ಕರೆತಂದವರಿಗೆ ನಾನು ಸೂಚಿಸುವುದು ನಾನಕ್ ಝೀರಾ ಗುರುದ್ವಾರ. ಗುರು ನಾನಕರು ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ದಕ್ಷಿಣದ ಯಾತ್ರೆ ಮಾಡುತ್ತ ಇಲ್ಲಿಗೆ ಬಂದರು. ಊರಿನ ನೀರು ಸವುಳಾಗಿತ್ತು, ಗುರುಗಳ ಪಾದ ಸೋಕಿದ ಕಡೆ ಬಂಡೆಯಿಂದ ಸಿಹಿನೀರು ಚಿಮ್ಮಿತು ಎಂದು ಪ್ರತೀತಿ. ಆ ಝರಿ ಇಂದಿಗೂ ಹರಿಯುತ್ತಿದೆ. ಈಗಿನ ಗುರುದ್ವಾರ ಕಟ್ಟಿದುದು 1948ರಲ್ಲಿ. ಗುರು ಗೋವಿಂದಸಿಂಹರ ಮೊದಲ ಐವರು ಖಾಲ್ಸಾ ಶಿಷ್ಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಹರು ಬೀದರಿನವರೇ ಎಂಬುದರಿಂದ ಸಿಖ್ಖರಿಗೆ ಈ ಊರಿನಲ್ಲಿ ಇನ್ನೂ ಒಂದು ಬಗೆಯ ಅಕ್ಕರೆ. ಯಾತ್ರಿಕರಿಗೆ ಅಲ್ಲಿ ತಂಗುವ ಏರ್ಪಾಡಿದೆ. ಹೊತ್ತಲ್ಲದ ಹೊತ್ತಿನಲ್ಲಿ ಬಂದವನಿಗೂ ಲಂಗರಿನಲ್ಲಿ ಊಟ ಸಿಕ್ಕುತ್ತದೆ. ಜಾತಿ ಮತ ಕೇಳುವವರಿಲ್ಲ, ಹಣ ಕೇಳುವವರಿಲ್ಲ. ಪಾದರಕ್ಷೆ ಬಿಟ್ಟು, ಕಾಲು ತೊಳೆದು, ತಲೆಗೆ ಬಟ್ಟೆ ಹಾಕಿಕೊಂಡು ಒಳಗೆ ಹೋಗಬೇಕು. ಬೀಡಿ ಸಿಗರೇಟು ಜೇಬಿನಲ್ಲಿದ್ದರೆ ಹೊರಗೇ ಬಿಡಬೇಕು. ತಟ್ಟೆಗೆ ಬಡಿಸಿದ್ದನ್ನು ಚೆಲ್ಲಬಾರದು. ಊಟವಾದ ಮೇಲೆ ನಾಲ್ಕು ತಟ್ಟೆ ತೊಳೆದುಕೊಟ್ಟರೆ ಅದೇ ಬಾಡಿಗೆ.

ಬೀದರಿನಲ್ಲಿ ಝರಿಗಳು ಹೀಗೆ ಅಲ್ಲಲ್ಲಿ ಏಕೆ ಒಸರುತ್ತವೆ ಎಂಬುದು ತಿಳಿಯತಕ್ಕ ವಿಷಯ. ಊರು ಇರುವುದು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರದ ಒಂದು ಹಲಗೆಯಂಥ ದಿಬ್ಬದ ಮೇಲೆ. ಅದರ ಮೇಲುಹೊದಿಕೆ ಜಂಬಿಟ್ಟಿಗೆ, ಅಂದರೆ ರಂಧ್ರರಂಧ್ರವಾದ ಕೆಂಪು ಕಲ್ಲು. ಅದರ ಕೆಳಗೆ ದಖ್ಖನ್ನಿನ ಗಟ್ಟಿ ಕಪ್ಪು ಬಂಡೆ. ಬಿದ್ದ ಮಳೆ ಕೆಂಪು ಕಲ್ಲಿನಲ್ಲಿ ಇಂಗುತ್ತದೆ, ಕಪ್ಪು ಬಂಡೆಯ ಮೇಲೆ ನಿಲ್ಲುತ್ತದೆ, ಎರಡೂ ಕೂಡುವ ಅಂಚಿನಲ್ಲಿ ದಿಬ್ಬದ ಪಕ್ಕೆಯಿಂದ ಹೊರಬೀಳುತ್ತದೆ. ನಾನಕ್ ಝೀರಾ, ಪಾಪನಾಶದ ಕುಂಡ, ಝರಣಿ ನರಸಿಂಹನ ಗುಹೆ ಇವೆಲ್ಲ ಅಂಥ ಅಂಚಿನ ಕೊಡುಗೆಗಳೇ. ಬಹಮನಿಗಳ ಕಾಲದ ಜಲಶಿಲ್ಪಿಗಳು ಈ ಗುಟ್ಟನ್ನು ಅರಿತು, ಪಾರಸಿ ದೇಶದ ಕಾರೇಜಿನ ಕ್ರಮದಲ್ಲಿ ನೆಲದಡಿ ಸುರಂಗ ಕೊರೆದು, ಗಾಳಿಗೂ ಬೆಳಕಿಗೂ ಅಲ್ಲಲ್ಲಿ ಬಾವಿಗಳನ್ನು ತೋಡಿ ನೀರನ್ನು ಊರಿಗೆ ಹಾಯಿಸಿದರು. ನೌಬಾದಿನ ಬಳಿ ಆ ಸುರಂಗ ಬಾವಿಗಳನ್ನು ಈಚಿನ ವರ್ಷಗಳಲ್ಲಿ ಹೂಳೆತ್ತಿ ತೆರೆದಿದ್ದಾರೆ. ಒಂದು ರಾತ್ರಿಯ ಅತಿಥಿ ಅಷ್ಟು ದೂರ ಹೋಗಬೇಕಾಗಿಲ್ಲ.

ಝರಣಿ ನರಸಿಂಹನ ವಿಷಯದಲ್ಲಿಯೂ ನನ್ನ ಸಲಹೆ ಅದೇ. ಸುಮಾರು ಮುನ್ನೂರು ಮೀಟರು ಉದ್ದದ ಗುಹೆ. ಎದೆಮಟ್ಟದ ನೀರಿನಲ್ಲಿ ಕತ್ತಲಲ್ಲಿ ನಡೆದು ಹೋಗಿ ತುದಿಯಲ್ಲಿರುವ ದೇವರನ್ನು ಕಾಣಬೇಕು. ನೆತ್ತಿಯ ಮೇಲೆ ಬಾವಲಿಗಳು. ತಂದೆಯಂದಿರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುವುದನ್ನು ನೋಡುವುದೇ ಒಂದು ಸೊಗಸು. ಆದರೆ ನೀರಿನ ಸ್ಥಿತಿ ನೋಡಿಕೊಂಡು ಕೆಲವು ಕಾಲ ಬಾಗಿಲು ಮುಚ್ಚುವುದೂ ಉಂಟು. ತೆರೆದಿದ್ದರೂ, ತೊಟ್ಟಿಕ್ಕುವ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಔರಾದಿನವರೆಗೆ ಕೂರುವುದಕ್ಕೆ ದೊಡ್ಡ ಭಕ್ತಿಯೇ ಬೇಕು. ಇನ್ನೊಮ್ಮೆ ಬಂದಾಗ ನೋಡಿ.

ಹಾಗಾದರೆ ಈ ಸಲ ಏನು? ಸಂಜೆ ನಾಲ್ಕರೊಳಗೆ ಬಂದಿಳಿದಿದ್ದರೆ ಕೋಟೆ. ಕತ್ತಲಾದ ಮೇಲೆ ಅದರ ಬಾಗಿಲು ಮುಚ್ಚುತ್ತಾರೆ. ಬಹಮನಿ ಸುಲ್ತಾನ ಅಹಮದ್ ಶಾಹನು 1420ರ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಬಯಲು ಕಡೆಯಿಂದ ಬರುವ ಶತ್ರುವಿಗಾಗಿ ಕೋಟೆಯ ಮುಂದೆ ಒಂದಲ್ಲ, ಮೂರು ಕಂದಕಗಳನ್ನು ಒಂದರ ಪಕ್ಕ ಒಂದು ಬಂಡೆಯಲ್ಲೇ ಕಡಿದು, ನಡುವೆ ಅದೇ ಬಂಡೆಯನ್ನು ಗೋಡೆಯಂತೆ ಉಳಿಸಿದ್ದಾರೆ. ಒಳಗೆ ರಂಗೀನ್ ಮಹಲನ್ನು ಮಾತ್ರ ತಪ್ಪಿಸಬೇಡಿ. ಬರೀದ ಶಾಹಿ ಅರಸನಾದ ಅಲಿ ಬರೀದನ ಕಾಲದ ಈ ಚಿಕ್ಕ ಅರಮನೆಯಲ್ಲಿ ಹೊಳೆಯುವ ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿ ಬಳ್ಳಿ ಹೂ ಬಿಡಿಸಿದ್ದಾರೆ. ಬೀಗ ಹಾಕಿರುವುದು ವಾಡಿಕೆ. ಅಲ್ಲಿಯ ಕಾವಲಿನವರನ್ನು ವಿನಯವಾಗಿ ಕೇಳಿದರೆ ತೆರೆದು ತೋರಿಸುವುದುಂಟು. ಆ ಕರಿಗಲ್ಲು ಬಿಳಿಚಿಪ್ಪುಗಳನ್ನು ನೆನಪಿನಲ್ಲಿಟ್ಟುಕೊಳ್ಳಿ, ರಾತ್ರಿ ಮತ್ತೆ ಬೇಕಾಗುತ್ತದೆ.

ದೀಪ ಹಚ್ಚಿದ ಮೇಲೆ ಬಂದಿಳಿದವರು ಕೊರಗಬೇಕಾಗಿಲ್ಲ. ಹಳೆಯ ಊರಿನ ನಡುವೆ ನಾಲ್ಕು ದಾರಿ ಕೂಡುವಲ್ಲಿ ಚೌಬಾರಾ ಎಂಬ ದುಂಡು ಗೋಪುರವಿದೆ. ಎತ್ತರ 71 ಅಡಿ. ಹಿಂದೆ ಕಾವಲಿಗಾಗಿ ಕಟ್ಟಿದುದು. ಆಟೋ ಹಿಡಿದು ಅಲ್ಲಿಯವರೆಗೆ ಹೋಗಿ ಇಳಿದು ನಡೆಯಿರಿ. ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ 1470ರ ಸುಮಾರಿಗೆ ಮಾರುವುದಕ್ಕೆ ಒಂದು ಕುದುರೆಯನ್ನು ಹಿಡಿದುಕೊಂಡು ಈ ಬೀದಿಗಳಿಗೆ ಬಂದಿದ್ದ. ಸುಲ್ತಾನನ ಅರಮನೆಗೆ ಏಳು ಬಾಗಿಲುಗಳೆಂದೂ, ಹೋಗುವವರನ್ನೂ ಬರುವವರನ್ನೂ ಬರೆದಿಡಲು ಕಾರಕೂನರು ಅಲ್ಲಿ ಕುಳಿತಿರುವರೆಂದೂ, ರಾತ್ರಿ ಕೊತವಾಲನ ಸಾವಿರ ಸವಾರರು ಕೈಯಲ್ಲಿ ಬೆಳಕು ಹಿಡಿದು ಊರು ಕಾಯುವರೆಂದೂ ಬರೆದಿಟ್ಟಿದ್ದಾನೆ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವುದಕ್ಕೆ ಇನ್ನೂ ಕಾಲು ಶತಮಾನವಿತ್ತು. ಅಂಥ ದಿನಗಳಲ್ಲಿ ವೋಲ್ಗಾ ನದಿಯ ದಡದವನು ನಡೆದ ದಾರಿ ಇದು.

ಚೌಬಾರಾದ ಆಸುಪಾಸಿನ ಗಲ್ಲಿಗಳಲ್ಲಿ ರಾತ್ರಿ ಊಟದ ಹೊತ್ತಿನವರೆಗೂ ಟಕ್ ಟಕ್ ಎಂಬ ಸಣ್ಣ ಸದ್ದು ಕೇಳುತ್ತಿರುತ್ತದೆ. ಬಿದರಿ ಕೆಲಸದವರು. ಒಂದೇ ರಾತ್ರಿ ಇರುವವನು ಏನಾದರೊಂದನ್ನು ಕುಳಿತು ನೋಡಬೇಕಾದರೆ ಇದನ್ನೇ ನೋಡಬೇಕು. ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು ಹೊರಟುಬಿಡಬೇಡಿ. ಹಿಂದಿನ ಕೋಣೆಯಲ್ಲಿ ಕೆಲಸ ನಡೆಯುತ್ತದೆಯೇ, ನೋಡಬಹುದೇ ಎಂದು ಕೇಳಿ. "ಬರ್ರಿ, ಕುಂದರ್ರಿ" ಎಂದು ಜಾಗ ಮಾಡಿಕೊಡುತ್ತಾರೆ, ಕನ್ನಡದಲ್ಲಿ ಅಲ್ಲದಿದ್ದರೆ ಉರ್ದುವಿನಲ್ಲಿ. ಚಹ ಬಂದರೆ ಬೇಡವೆನ್ನಬೇಡಿ.

ಬಿದರಿ ಪಾತ್ರೆಯ ಮೂಲದ್ರವ್ಯ ಸತು. ಹದಿನಾರು ಪಾಲು ಸತುವಿಗೆ ಒಂದು ಪಾಲಿನಷ್ಟು ತಾಮ್ರ ಬೆರೆಸಿ ಕರಗಿಸುತ್ತಾರೆ. ಮಣ್ಣಿಗೆ ಹರಳೆಣ್ಣೆ, ರಾಳ ಸೇರಿಸಿ ಮಾಡಿದ ಅಚ್ಚಿನಲ್ಲಿ ಅದನ್ನು ಎರಕ ಹೊಯ್ಯುತ್ತಾರೆ. ಹೊರಬಂದಾಗ ಹೂಜಿಯೋ ಡಬ್ಬಿಯೋ ಒರಟಾಗಿ, ಮಾಸಲು ಬಣ್ಣದ್ದಾಗಿರುತ್ತದೆ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಮೇಲೆ ಗೀರಿದ ಚಿತ್ತಾರ ಕಣ್ಣಿಗೆ ಕಾಣಲೆಂದು. ಆಮೇಲೆ ಸಣ್ಣ ಉಳಿಯಿಂದ ಆ ಗೆರೆಗಳನ್ನು ಕೊರೆದು, ಆ ಕಾಲುವೆಗಳಲ್ಲಿ ಅಪ್ಪಟ ಬೆಳ್ಳಿಯ ತಂತಿಯನ್ನೋ ತಗಡಿನ ಚೂರನ್ನೋ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸುವುದು. ನೀವು ಬೀದಿಯಲ್ಲಿ ಕೇಳಿದ ಟಕ್ ಟಕ್ ಇದೇ. ಮತ್ತೆ ಉಜ್ಜಿ ನಯ ಮಾಡಿದಾಗ ಮೊದಲಿನ ಕಪ್ಪು ಹೋಗಿಬಿಡುತ್ತದೆ. ಬೆಳ್ಳಿಯೂ ಸತುವೂ ಒಂದೇ ಬಣ್ಣವಾಗಿ ಕಲಸಿಹೋಗಿ, ಅಷ್ಟು ದಿನದ ಕೆಲಸ ಎಲ್ಲಿಯೂ ಕಾಣುವುದೇ ಇಲ್ಲ.

ಕೊನೆಯದು ಕೋಟೆಯ ಮಣ್ಣಿನ ಕೆಲಸ. ಮಳೆ ಬಿಸಿಲು ತಾಗದ ಹಳೆಯ ಕಟ್ಟಡಗಳ ಒಳಗಿನ ಮಣ್ಣನ್ನೇ ತರುತ್ತಾರೆ. ಒಳ್ಳೆಯದು ಹೌದೋ ಅಲ್ಲವೋ ಎಂಬುದನ್ನು ನಾಲಗೆಯ ಮೇಲಿಟ್ಟು ರುಚಿ ನೋಡಿ ಹೇಳುತ್ತಾರೆ. ಆ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಹದವಾಗಿ ಬಿಸಿಮಾಡಿದ ಪಾತ್ರೆಗೆ ಹಚ್ಚಿ ತಿಕ್ಕಿದರೆ ನೋಡನೋಡುತ್ತಿದ್ದಂತೆ ಸತು ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ತೊಳೆದು ಎಣ್ಣೆ ಸವರಿದ ಕ್ಷಣದಲ್ಲಿ ಕರಿಯ ಹಿನ್ನೆಲೆಯ ಮೇಲೆ ಬೆಳ್ಳಿಯ ಬಳ್ಳಿ ಎದ್ದುಬರುತ್ತದೆ. ಸಂಜೆ ರಂಗೀನ್ ಮಹಲಿನಲ್ಲಿ ಕಂಡ ಕರಿಗಲ್ಲು ಚಿಪ್ಪು ಆಗ ನೆನಪಾಗದೆ ಇರದು. ನಾನು ಇದನ್ನು ಮೊದಲ ಬಾರಿ ನೋಡಿದಾಗ, ದೊಡ್ಡ ಡಾಕ್ಟರೆಂಬ ಬಿಗುಮಾನ ಬಿಟ್ಟು ಮಗುವಿನಂತೆ ಚಪ್ಪಾಳೆ ತಟ್ಟಿದೆ. ಕೆಲಸಗಾರ ಮಾತ್ರ ನಕ್ಕು ಇನ್ನೊಂದನ್ನು ಕೈಗೆತ್ತಿಕೊಂಡ.

ಕೊಳ್ಳುವುದಾದರೆ ಬೆಳ್ಳಿಯ ಗೆರೆಯ ಮೇಲೆ ಉಗುರಿನಿಂದ ಅಡ್ಡ ಎಳೆದು ನೋಡಿ. ಒಳ್ಳೆಯ ಕೆಲಸದಲ್ಲಿ ಉಗುರು ಎಲ್ಲಿಯೂ ತಡೆಯುವುದಿಲ್ಲ. ಬೆಲೆ ಹೆಚ್ಚಾಗಿ ಬೆಳ್ಳಿಯದು ಮತ್ತು ಕೈಗೆಲಸದ್ದು, ಪಾತ್ರೆಯ ಗಾತ್ರದ್ದಲ್ಲ. ಮನೆಗೆ ಒಯ್ದ ಮೇಲೆ ಹುಣಿಸೆಹಣ್ಣು ಹಾಕಿ ತಿಕ್ಕುವ ನಮ್ಮ ಹೆಂಗಸರ ಉತ್ಸಾಹವನ್ನು ತಡೆಯಬೇಕು. ಮೆತ್ತನೆಯ ಬಟ್ಟೆಯಲ್ಲಿ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು. ಅದರಲ್ಲಿ ಉಪ್ಪಿನಕಾಯಿ ಮೊಸರು ಇಡಬಾರದು. ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಇಲ್ಲಿಯ ಕುಶಲಿ ಶಾಹ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಏನೂ ಕೊಳ್ಳದೆ ಹೊರಟರೂ ಯಾರೂ ಮುಖ ಸಿಂಡರಿಸುವುದಿಲ್ಲ.

ಊಟಕ್ಕೆ ಖಾನಾವಳಿ ಹುಡುಕಿಕೊಳ್ಳಿ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ತೆಂಕಣದವರು ಮೊದಲ ತುತ್ತಿಗೇ ಅನ್ನ ಕೇಳುವುದು ರೂಢಿ. ಕೇಳಬೇಡಿ; ರೊಟ್ಟಿ ಎರಡಾದ ಮೇಲೆ ತಾನಾಗಿ ಬರುತ್ತದೆ. ಖಾರ ತಾಳದವರು ಮೊಸರನ್ನು ಮೊದಲೇ ಹೇಳಿಟ್ಟುಕೊಳ್ಳುವುದು ಮೇಲು. ಮಲಗುವ ಮುನ್ನ ಬೆಳಗಿನ ಆಟೋದವನಿಗೆ ಹೇಳಿಟ್ಟಿರಬೇಕು. ಅಲಾರಮು ಇಡುವುದನ್ನು ಮರೆತರೂ ಚಿಂತೆಯಿಲ್ಲ. ಬೀದರಿನಲ್ಲಿ ವಾಯುಪಡೆಯ ತರಬೇತಿ ಕೇಂದ್ರವಿದೆ, ಕಲಿಯುವ ಹುಡುಗರು ಬೆಳಗಿನ ಆಕಾಶವನ್ನು ಬಹಳ ಹೊತ್ತು ಸುಮ್ಮನಿರಗೊಡುವುದಿಲ್ಲ.

ಬೆಳಗಿನ ಹೊತ್ತಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಎರಡನ್ನೂ ನೋಡುತ್ತೇನೆಂದು ಹೊರಟವನು ಬಸ್ಸನ್ನೇ ನೋಡುವುದಿಲ್ಲ.

ಒಂದು, ಮಹಮೂದ್ ಗವಾನನ ಮದರಸ. ಚೌಬಾರಾದಿಂದ ಕೋಟೆಗೆ ಹೋಗುವ ದಾರಿಯಲ್ಲೇ ಇದೆ. ಅದರ ಮುಖ ಪೂರ್ವಕ್ಕೆ. ಆದ್ದರಿಂದಲೇ ಬೆಳಿಗ್ಗೆ ಹೋಗಬೇಕೆಂದುದು. ಎಳೆಬಿಸಿಲು ನೇರವಾಗಿ ಬಿದ್ದಾಗ ಗೋಡೆಯ ಮೇಲೂ ಉಳಿದಿರುವ ಒಂದೇ ಮೀನಾರಿನ ಮೇಲೂ ನೀಲಿ, ಹಳದಿ, ಬಿಳಿಯ ಹೆಂಚಿನ ತುಣುಕುಗಳು ಮಿನುಗುತ್ತವೆ. ಗವಾನನು ಇರಾನಿನ ಗಿಲಾನ್ ಸೀಮೆಯಿಂದ ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು. 1472ರಲ್ಲಿ ಮೂರಂತಸ್ತಿನ ಈ ವಿದ್ಯಾಲಯ ಕಟ್ಟಿಸಿ, ವಿದ್ಯಾರ್ಥಿಗಳಿಗೆ 36 ಕೋಣೆ, ಗುರುಗಳಿಗೆ ಬೇರೆ ವಸತಿ, 3000 ಗ್ರಂಥಗಳ ಭಂಡಾರ ಇಟ್ಟ. ಅವನೂ ಪರ ಊರಿಂದ ಬಂದವನೇ ನೋಡಿ. ಹೊರಗಿನವನೆಂಬ ಹಗೆಯೇ ಕಡೆಗೆ ಅವನನ್ನು ನುಂಗಿತು. ವೈರಿಗಳು ಅವನ ಮುದ್ರೆಯನ್ನು ಖಾಲಿ ಕಾಗದಕ್ಕೆ ಒತ್ತಿಸಿ, ಒರಿಸ್ಸದ ಅರಸನಿಗೆ ದಂಡೆತ್ತಿ ಬರಲು ಕರೆದಂತೆ ಕಳ್ಳಪತ್ರ ಹುಟ್ಟಿಸಿದರು. ಸುಲ್ತಾನ ಮೂರನೆಯ ಮಹಮ್ಮದನು ವಿಚಾರಿಸದೆ 1481ರಲ್ಲಿ ತಲೆ ತೆಗೆಸಿದ. ನಿಜ ತಿಳಿದು ಪರಿತಪಿಸಿ, ವರ್ಷ ತುಂಬುವುದರೊಳಗೆ ತಾನೂ ತೀರಿಕೊಂಡ. ಆ ಬಳಿಕ ರಾಜ್ಯ ಐದು ಹೋಳಾಯಿತು. ಕಟ್ಟಡದ ಒಂದು ಪಕ್ಕ ಬಿದ್ದುಹೋಗಿರುವುದು 1696ರಲ್ಲಿ, ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದಾಗ. ವಿದ್ಯೆಯ ಮನೆಯಲ್ಲಿ ಮದ್ದು ತುಂಬಿದವರನ್ನು ಏನೆನ್ನೋಣ!

ಇನ್ನೊಂದು, ಅಷ್ಟೂರು. ಊರಿಗೆ ಪೂರ್ವದಲ್ಲಿ ಮೂರು ಕಿಲೋಮೀಟರಿನಷ್ಟು ದೂರ. ಬಹಮನಿ ಸುಲ್ತಾನರ ಗೋರಿಗಳ ಸಾಲು. ಸಿಡಿಲು ಬಡಿದು ಅರ್ಧ ಸೀಳಿಹೋದ ಹುಮಾಯೂನನ ಗುಮ್ಮಟ, ಕತ್ತರಿಸಿಟ್ಟ ಹಣ್ಣಿನಂತೆ ಗೋಡೆಯ ದಪ್ಪವನ್ನೆಲ್ಲ ತೋರಿಸುತ್ತ ನಿಂತಿದೆ. 1436ರಲ್ಲಿ ತೀರಿಕೊಂಡ ಅಹಮದ್ ಶಾಹನ ಗೋರಿಯ ಒಳಗೆ ಹೋಗಿ. ಮೊದಲಿಗೆ ಏನೂ ಕಾಣುವುದಿಲ್ಲ. ಕಾಯುವವರು ಕನ್ನಡಿಯಿಂದ ಬಿಸಿಲನ್ನು ಒಳಕ್ಕೆ ಹಾಯಿಸಿ ತೋರಿಸುವುದುಂಟು. ಇಲ್ಲವಾದರೆ ನಿಮ್ಮ ಟಾರ್ಚು ಸಾಕು. ಗುಮ್ಮಟದ ಒಳಮೈಯೆಲ್ಲ ಬಣ್ಣದ ಬಳ್ಳಿ, ಬಂಗಾರದ ಬರಹ. ಈ ಸುಲ್ತಾನನನ್ನು ಮುಸಲ್ಮಾನರು ವಲಿಯೆಂದು ನಡೆದುಕೊಳ್ಳುತ್ತಾರೆ. ಸುತ್ತಲಿನ ಲಿಂಗಾಯತರು ಅಲ್ಲಮಪ್ರಭುವೆಂದು ನಡೆದುಕೊಳ್ಳುತ್ತಾರೆ. ಹೋಳಿ ಕಳೆದ ಮೇಲೆ ಇಲ್ಲಿ ಸೇರುವ ಉರುಸು ಜಾತ್ರೆಗೆ ಕಲಬುರಗಿ ಜಿಲ್ಲೆಯ ಮಾದ್ಯಾಳದಿಂದ ಜಂಗಮರು ಕಾಲ್ನಡಿಗೆಯಲ್ಲಿ ಬಂದು ಮುಂದಾಳಾಗಿ ನಿಲ್ಲುತ್ತಾರೆ. ಅವರು ಶಂಖ ಊದುತ್ತಾರೆ, ಫಾತೆಹಾ ಓದುವವರು ಓದುತ್ತಾರೆ. ನನ್ನನ್ನು ಕೇಳಿದರೆ, ಮದರಸಕ್ಕಿಂತ ಅಷ್ಟೂರನ್ನೇ ಆರಿಸಿ ಎನ್ನುತ್ತೇನೆ. ಈ ಸೀಮೆಯಲ್ಲಿ ಕೆಲಸ ಮಾಡಬೇಕಾದವನಿಗೆ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬಸ್ಸಿಗೆ ಅರ್ಧ ಗಂಟೆಯೇ ಉಳಿದಿದ್ದರೆ? ಉದಗೀರ ರಸ್ತೆಯಲ್ಲಿ ಬರೀದ ಶಾಹಿಗಳ ಗೋರಿಗಳಿರುವ ಉದ್ಯಾನವಿದೆ. ನಾಲ್ಕು ಕಡೆಗೂ ಗಾಳಿಗೆ ತೆರೆದ ಅಲಿ ಬರೀದನ ಗುಮ್ಮಟದ ಕೆಳಗೆ ಊರಿನ ಮುದುಕರು ಬೆಳಗಿನ ತಿರುಗಾಟಕ್ಕೆ ಬಂದು ಕುಳಿತಿರುತ್ತಾರೆ. ಮಾತಿಗೆ ಸಿಕ್ಕುತ್ತಾರೆ.

ಭಾಲ್ಕಿಯ ಕಡೆ ಹೋಗುವವರಿಗೆ ಒಂದು ಮಾತು. 1948ರ ಸೆಪ್ಟೆಂಬರಿನವರೆಗೆ ಇದೆಲ್ಲ ನಿಜಾಮರ ಸೀಮೆ. ಶಾಲೆ ಕಚೇರಿಗಳ ಭಾಷೆ ಉರ್ದು. ಆ ದಿನಗಳಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಬೀದರು 1956ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಸೇರಿದುದರ ಹಿಂದೆ ಅಂಥ ಕೋಣೆಗಳಿದ್ದುವು. ಪಟ್ಟದ್ದೇವರು ನೂರು ದಾಟಿ ಬದುಕಿ 1999ರಲ್ಲಿ ಲಿಂಗೈಕ್ಯರಾದರು. ಮಠಕ್ಕೆ ದಾರಿ ಕೇಳಿದರೆ ಯಾರಾದರೂ ತೋರಿಸುತ್ತಾರೆ.

ಇಷ್ಟೆಲ್ಲ ಬಲ್ಲೆನೆಂದು ಹೇಳುತ್ತಿರುವ ನಾನು ಬೀದರನ್ನು ಕಣ್ಣು ತೆರೆದು ನೋಡಿದುದು ಕೆಲಸಕ್ಕೆ ಸೇರಿ ನಾಲ್ಕು ವರ್ಷಗಳಾದ ಮೇಲೆ. ಅದಕ್ಕೆ ಮುಂಚೆ ಹತ್ತಿಪ್ಪತ್ತು ರಾತ್ರಿ ಅಲ್ಲಿ ತಂಗಿದ್ದೆ. ಎಲ್ಲವೂ ಬಾಗಿಲು ಹಾಕಿಕೊಂಡ ರಾತ್ರಿಗಳೇ. ನನ್ನ ಅರ್ಜಿ ತಿರಸ್ಕಾರವಾಗಿ ಬಂತು, ಎರಡನೆಯದೂ ಬಂತು. ಮೂರನೆಯದನ್ನು ಬರೆಯಲು ಕುಳಿತ ವಾರ ತಾಲ್ಲೂಕಿನಲ್ಲಿ ಗಂಟಲುಬೇನೆ ಎದ್ದಿತು. ಒಂದು ಹಳ್ಳಿಯಲ್ಲಿ ಮುದುಕಿಯೊಬ್ಬಳು ತನ್ನ ಒಂದೇ ಎತ್ತಿನ ಹಗ್ಗ ಹಿಡಿದುಕೊಂಡು ರಾತ್ರಿಯೆಲ್ಲ ನನ್ನ ಪಕ್ಕದಲ್ಲಿ ಕುಳಿತಿದ್ದಳು. "ನಿಮ್ಮಕಿಂತ ಮೊದಲಿನವ್ರು ಮೂರು ತಿಂಗಳಿಗೇ ಹ್ವಾದ್ರಪ್ಪಾ" ಎಂದಳು ಬೆಳಗಿನ ಜಾವ. ದೂರುವ ದನಿಯಲ್ಲ, ಮಳೆ ಬರಲಿಲ್ಲ ಎನ್ನುವಂತೆ. ಎತ್ತು ಉಳಿಯಿತು. ಅರ್ಜಿ ಪೂರ್ತಿಯಾಗಲಿಲ್ಲ.

ಔರಾದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತುಕೊಳ್ಳಿ. ಜನವಾಡ ದಾಟಿದ ಮೇಲೆ ನಿದ್ದೆ ಬರುತ್ತದೆ. ಕೌಠಾದ ಸೇತುವೆ ಬರುವವರೆಗೆ ತಡೆದುಕೊಳ್ಳಿ, ಕೆಳಗೆ ಮಾಂಜ್ರಾ ನದಿ. ಅಲ್ಲಿಂದಾಚೆ ಎರೆಭೂಮಿ. ಹೊಲಗಳ ಅಂಚಿನಲ್ಲಿ ಬಿಳಿಯ ಮೈ, ಕರಿಯ ಮುಖದ ದನಗಳು ಮೇಯುತ್ತಿದ್ದರೆ ಅವು ದೇವಣಿ ತಳಿಯವು. ಹಾಲಿಗೂ ಸೈ, ಗಳೇವಿಗೂ ಸೈ. ಸಂತಪುರದಲ್ಲಿ ಬಸ್ಸು ನಿಂತಾಗ ಕೆಳಗಿಳಿದು ಕಾಲು ನೀಡಿ ಚಹ ಕುಡಿಯುವಷ್ಟು ಹೊತ್ತಿದೆಯೇ ಎಂದು ಕಂಡಕ್ಟರನ್ನೇ ಕೇಳಿ. ಔರಾದಿನಲ್ಲಿ ಇಳಿದ ಮೇಲೆ ಅಮರೇಶ್ವರನ ಗುಡಿ ಎಲ್ಲಿ ಎಂದು ಕೇಳಿದರೆ ಸಾಕು, ಊರಿನ ನಡುಭಾಗ ಅದೇ; ಕಚೇರಿಯ ದಾರಿಯನ್ನು ಅಲ್ಲಿ ಯಾರಾದರೂ ಜೊತೆಗೆ ಬಂದೇ ತೋರಿಸುತ್ತಾರೆ.